ಕೊಕ್ಕರೆಯ ಕುರ್ಚಿ

ನಾಲ್ಕನೇ ತರಗತಿಯ ಟೀಚರಿಗೆ ಒಂದು ಕುರ್ಚಿಯ ಹುಚ್ಚಿತ್ತು. ಯಾವ ಕಥೆ ಓದಿ ಮುಗಿಸಿದರೂ ಕರಿಹಲಗೆಯ ಮುಂದೆ ಕುರ್ಚಿ ಹಾಕಿ ಒಂದು ಮಗುವನ್ನು ಕೂರಿಸುವುದು, "ಈಗ ನೀನೇ ಆ ಪಾತ್ರ, ಉತ್ತರ ಹೇಳು" ಎನ್ನುವುದು. ಉಳಿದವರು ಪ್ರಶ್ನೆ ಕೇಳಬೇಕು. ಉತ್ತರ ಒಪ್ಪಿಗೆಯಾದರೆ ಕೈ ಎತ್ತಬೇಕು. ಎಲ್ಲರೂ ಕೈ ಎತ್ತುವವರೆಗೆ ಕುರ್ಚಿಯಲ್ಲಿದ್ದವರು ಏಳುವಂತಿಲ್ಲ. ಮಕ್ಕಳಿಗೆ ಯೋಚಿಸಲು ಕಲಿಸುವ ವಿಧಾನವಂತೆ. ಪೊಲೀಸ್ ಠಾಣೆಯಲ್ಲೂ ಹೀಗೇ ಕಲಿಸುತ್ತಾರೆ.

ಆ ದಿನ ಮುಗಿದದ್ದು ಜನಪದ ಕಥೆಯೊಂದನ್ನು ಹಿಗ್ಗಿಸಿ ಬರೆದ ಕಾದಂಬರಿ. ಶಾಪದಿಂದ ಕೊಕ್ಕರೆಯಾದ ತಾಯಿ, ಮನೆಗೆ ಇಳಿದರೆ ಶಾಪ ಕಳೆಯುವ ದಿನ ಕೊನೆಗೆ ಬಂದರೂ ಇಳಿಯುವುದಿಲ್ಲ. ಅಂಗಳದಲ್ಲಿ ನಿಂತ ಮಗಳ ತಲೆಯ ಮೇಲೆ ಒಂದು ಸುತ್ತು ಹಾಕಿ ಹಿಂಡಿನ ಜೊತೆ ಹೊರಟುಹೋಗುತ್ತಾಳೆ. ಯಾಕೆಂದು ಪುಸ್ತಕದಲ್ಲಿಲ್ಲ.

"ಕೊಕ್ಕರೆ ಯಾರಾಗ್ತೀರಿ?"

"ಗುಬ್ಬಿ ಆಗ್ಲಿ ಮಿಸ್," ಎಂದ ಹಿಂದಿನ ಬೆಂಚಿನ ಮೊಂಡ. "ಅವಳಿಗೆ ಗೊತ್ತಿರುತ್ತೆ. ಅವಳಮ್ಮನೂ ಹಾರಿಹೋಗಿದಾಳೆ."

ತರಗತಿಯೇ ಕಿಸಕ್ಕೆಂದಿತು. ಗುಬ್ಬಿಯೆಂದರೆ ತರಗತಿಯಲ್ಲೆಲ್ಲ ಚಿಕ್ಕ ಹುಡುಗಿ. ಅವಳ ತಾಯಿ ಬಟ್ಟೆ ಅಂಗಡಿಯವನ ಜೊತೆ ಹೋಗಿದ್ದು ಬೀದಿಗೆಲ್ಲ ಗೊತ್ತಿತ್ತು. ಗುಬ್ಬಿಗೆ ಮಾತ್ರ ಅಜ್ಜಿ ಹೇಳಿದ್ದು ಬೇರೆ: ಅಮ್ಮ ಆಸ್ಪತ್ರೇಲಿ ಔಷಧಿ ತಗೊಳ್ಳೋಕೆ ಹೋಗಿದಾಳೆ, ಬರ್ತಾಳೆ. ಆ ಒಂದು ಮಾತನ್ನು ಹಿಡಿದುಕೊಂಡೇ ಅವಳು ಊಟ ಮಾಡುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು.

ಟೀಚರಿಗೂ ಎಲ್ಲ ಗೊತ್ತಿತ್ತು. ಮೊಂಡನ ಕಿವಿ ಹಿಂಡಿ ಕೂರಿಸಬಹುದಿತ್ತು. ಆದರೆ ಇಂದು ಪಾಠ ನೋಡಲು ಹೆಡ್ಮಿಸ್ ಬಂದು ಬಾಗಿಲ ಬಳಿ ಕೂತಿದ್ದರು.

"ಬಾರಮ್ಮ ಗುಬ್ಬಿ. ಇದು ಬರೀ ಕಥೆ, ಹೆದರಬೇಡ."

ಗುಬ್ಬಿ ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ.

"ಕೊಕ್ಕರೆ, ನೀನ್ಯಾಕೆ ಮನೆಗೆ ಹೋಗ್ಲಿಲ್ಲ?" ಎಂದು ಒಬ್ಬಳು ಕೇಳಿದಳು.

"ಹೋಗ್ತೀನಿ. ಔಷಧಿ ಮುಗಿದ್ಮೇಲೆ."

ಒಂದು ಕೈಯೂ ಏಳಲಿಲ್ಲ.

"ಕಥೇಲಿ ಔಷಧಿ ಎಲ್ಲಿದೆ ಪುಟ್ಟಾ?" ಎಂದರು ಟೀಚರ್ ನಗುತ್ತ. "ಪುಸ್ತಕ ಬಿಟ್ಟು ಮಾತಾಡಬಾರದು."

"ದಾರಿ ತಪ್ಪಿತ್ತು. ಗೊತ್ತಾದ್ಮೇಲೆ ಬರ್ತೀನಿ."

"ದಾರಿ ತಪ್ಪಿದೋಳು ಮನೆ ಮೇಲೇ ಹೆಂಗೆ ಸುತ್ತು ಹೊಡೀತಾಳೆ?" ಎಂದ ಮೊಂಡ. "ಅಷ್ಟು ಚೆನ್ನಾಗಿ ಗೊತ್ತು ದಾರಿ."

ಹೆಡ್ಮಿಸ್ ತಲೆದೂಗಿದರು. ಹುಡುಗ ಓದಿದ್ದಾನೆ, ಪರವಾಗಿಲ್ಲ.

"ಕೆಳಗೆ ಮಗಳು ನಿಂತಿದ್ಲು, ನೋಡ್ಲಿಲ್ವಾ?" ಎಂದು ಇನ್ನೊಬ್ಬ ಹುಡುಗ ಕೇಳಿದ.

"ನೋಡಿದೆ."

"ನೋಡಿಯೂ ಇಳೀಲಿಲ್ವಾ?"

ಗುಬ್ಬಿ ಟೀಚರ್ ಕಡೆ ನೋಡಿದಳು. ಟೀಚರ್ ಗಡಿಯಾರ ನೋಡಿದರು. ಊಟದ ಗಂಟೆ ಹತ್ತಿರವಿತ್ತು. "ಬೇಗ ಹೇಳೇ, ಹಸಿವಾಗ್ತಿದೆ," ಎಂದಳು ಅವಳ ಪಕ್ಕ ಕೂರುವ ಗೆಳತಿಯೇ.

ಗುಬ್ಬಿ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಂಗೆ ಅವಳು ಬೇಡ. ಅದಕ್ಕೇ ಹೋದೆ. ಇನ್ನು ಬರಲ್ಲ."

ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು, ಗೆಳತಿಯದೂ ಸೇರಿ. ಟೀಚರ್ ಆ ಉತ್ತರವನ್ನು ದಪ್ಪ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದು, "ಅಂತ್ಯವನ್ನ ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದಾಳೆ ನೋಡಿ," ಎಂದರು. ಹೆಡ್ಮಿಸ್ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದರಿಂದ ಮಕ್ಕಳೂ ತಟ್ಟಿದರು.

"ಮಗಳ ಪಾತ್ರಕ್ಕೆ ಯಾರು ಮಿಸ್?" ಎಂದ ಮೊಂಡ.

"ಅದಕ್ಕೆ ಯಾರೂ ಬೇಡ," ಎಂದರು ಟೀಚರ್, ಕೈಯ ಸೀಮೆಸುಣ್ಣದ ಪುಡಿ ಕೊಡವುತ್ತ. "ಕೊನೇ ಪುಟದಲ್ಲಿ ಅವಳಿಗೆ ಮಾತೇ ಇಲ್ವಲ್ಲ."