ಎಂಟನೆಯ ಹಗ್ಗ

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಅಲ್ಲಿನ ಹೊಸ ಮಿಡ್ಲ್ ಸ್ಕೂಲಿಗೆ ಬಸವನಗುಡಿಯಿಂದ ನಡೆದು ಬರುತ್ತಿದ್ದ ವಾರಿಜಾ ಟೀಚರಿಗೆ ವೀಣೆ ಬರುತ್ತಿತ್ತು, ಹಾಡು ಬರುತ್ತಿತ್ತು, ಸುಮ್ಮನಿರುವುದೊಂದು ಬರುತ್ತಿರಲಿಲ್ಲ. ವಾರ್ಷಿಕೋತ್ಸವಕ್ಕೆ ಜಡೆ ಕೋಲಾಟ ಮಾಡಿಸುತ್ತೇನೆಂದು ತಾನಾಗಿಯೇ ಹೇಳಿ ತಲೆಗೆ ಕಟ್ಟಿಕೊಂಡಳು.

ಮೇಲಿಂದ ಇಳಿಬಿಟ್ಟ ಎಂಟು ಬಣ್ಣದ ಹಗ್ಗ, ಎಂಟು ಹುಡುಗಿಯರು. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಕೋಲು. ನಾಲ್ವರು ಹೀಗೆ, ನಾಲ್ವರು ಹಾಗೆ ಸುತ್ತುತ್ತ ಒಬ್ಬರ ತೋಳಡಿ ಒಬ್ಬರು ನುಗ್ಗಿದರೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ಕುಣಿದರೆ ಬಿಚ್ಚಿಕೊಳ್ಳುತ್ತದೆ. ಎಂಟರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿದ್ದವಳು ಕೇರಿಯ ಮುನಿವೆಂಕಟಮ್ಮನ ಮಗಳು ಅಂಜನಮ್ಮ. ತಕರಾರು ಎದ್ದದ್ದೂ ಅಲ್ಲೇ.

ತಕರಾರಿನ ಒಡತಿ ಯಡಿಯೂರಿನ ಲಕ್ಷ್ಮಿದೇವಮ್ಮ. ಹೊಲವೆಲ್ಲ ಬಡಾವಣೆಗೆ ಹೋದರೂ ಗತ್ತು ಹೋಗಿರಲಿಲ್ಲ. ಪ್ರಾಯದಲ್ಲಿ ಊರ ಕೋಲಾಟಕ್ಕೆ ಆಕೆಯೇ ಮುಂದಾಳು. ಈಗ ಮೊಮ್ಮಗಳು ಪಂಕಜಾ ಎಂಟರಲ್ಲೊಬ್ಬಳು. ಕೋಲಿಗೆ ಕೋಲು ತಗುಲಿದರೆ ಮೈಲಿಗೆಯಿಲ್ಲವಂತೆ, ಕಟ್ಟಿಗೆಗೆ ಎಲ್ಲಿಯ ಜಾತಿ. ತೋಳಡಿ ನುಗ್ಗುವುದು ಮಾತ್ರ ಆಗದಂತೆ. ಕೇರಿಯ ಹುಡುಗಿ ಇದ್ದರೆ ತನ್ನ ಮೊಮ್ಮಗಳಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಹೋದಳು.

ಹೆಡ್‌ಮಾಸ್ಟರ್ ಅನಂತರಾಮು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ. ಅಂಜನಮ್ಮ ಪಕ್ಕದಲ್ಲಿ ಕೂತು ತಾಳ ಹಾಕಲಿ, ಅದೂ ಕಲೆಯೇ ಅಲ್ಲವೇ ಎಂದರು. ಅಂಜನಮ್ಮ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕೋಲನ್ನು ಎದೆಗೆ ಅವುಚಿ ಹಿಡಿದಿದ್ದಳು. ವಾರಿಜಾ ಅದನ್ನು ನೋಡಿದಳು.

"ಅವಳು ಕುಣೀತಾಳೆ ಸಾರ್. ಪಂಕಜಾ ಹಗ್ಗ ನಾನು ಹಿಡ್ಕೋತೀನಿ," ಎಂದಳು.

ವಾರ್ಷಿಕೋತ್ಸವದ ಸಂಜೆ ಲಕ್ಷ್ಮಿದೇವಮ್ಮ ಮೊಮ್ಮಗಳೊಂದಿಗೆ ಮುಂದಿನ ಸಾಲಿನಲ್ಲೇ ಕೂತಳು. ಕೆಡುವುದನ್ನು ಹತ್ತಿರದಿಂದ ನೋಡುವ ಆಸೆ. ಆಸೆ ಈಡೇರಿತು. ಜಡೆ ಹೆಣೆಯುವಾಗ ಹೇಗೋ ಸರಿಹೋಯಿತು. ಬಿಚ್ಚುವಾಗ, ಸೆರಗು ಸಿಕ್ಕಿಸಿಕೊಂಡು ಏದುಸಿರು ಬಿಡುತ್ತಿದ್ದ ವಾರಿಜಾ ತೋಳಡಿ ನುಗ್ಗಬೇಕಾದ ಕಡೆ ಹೊರಗಿಂದ ಸುತ್ತಿಬಿಟ್ಟಳು. ಜಡೆ ಗಂಟಾಯಿತು. ಹುಡುಗಿಯರು ಕಕ್ಕಾಬಿಕ್ಕಿಯಾಗಿ ನಿಂತರು. ಕೇರಿಯವಳನ್ನು ಸೇರಿಸಿಕೊಂಡರೆ ಇನ್ನೇನಾಗುತ್ತೆ ಎಂದು ಹಿಂದಿನಿಂದ ಯಾರೋ ಅಂದರು. ಅಂಜನಮ್ಮ ತಲೆ ತಗ್ಗಿಸಿದಳು.

ಲಕ್ಷ್ಮಿದೇವಮ್ಮನಿಗೆ ತಡೆಯಲಾಗಲಿಲ್ಲ. ಬೇರೆ ಏನನ್ನಾದರೂ ಸಹಿಸಿಯಾಳು, ಕೋಲಾಟದ ವಿಷಯದಲ್ಲಿ ಸುಳ್ಳನ್ನು ಸಹಿಸುವವಳಲ್ಲ.

"ಆ ಮಗೀದೇನೂ ತಪ್ಪಿಲ್ಲ. ತಪ್ಪಿದ್ದು ಟೀಚರಮ್ಮ," ಎಂದು ಎದ್ದವಳೇ ವೇದಿಕೆ ಹತ್ತಿ ವಾರಿಜಾಳ ಕೈಯಿಂದ ಹಗ್ಗ ಕಿತ್ತುಕೊಂಡಳು. ತಪ್ಪಿದ ಹೆಜ್ಜೆಯವರೆಗೆ ಎಲ್ಲರನ್ನೂ ವಾಪಸು ನಡೆಸಿ ಗಂಟು ಸಡಿಲಿಸಿದಳು. ಅಷ್ಟರಲ್ಲಿ ಎದುರಿಗೆ ಅಂಜನಮ್ಮ ಬಂದಳು. ಹುಡುಗಿ ಹೆದರಿ ಹಿಂದೆ ಸರಿದಳು. ಲಕ್ಷ್ಮಿದೇವಮ್ಮ ಒಂದು ಗಳಿಗೆ ನಿಂತಳು. ಆಮೇಲೆ "ತೋಳೆತ್ತೇ" ಎಂದು ಗದರಿ, ಬಗ್ಗಿ, ಅವಳ ತೋಳಡಿ ನುಗ್ಗಿಯೇಬಿಟ್ಟಳು. ಇನ್ನೊಂದಿಷ್ಟು ಸುತ್ತಿಗೆ ಎಂಟು ಹಗ್ಗಗಳೂ ಬಿಡಿಬಿಡಿಯಾಗಿ ಇಳಿಬಿದ್ದವು.

ಚಪ್ಪಾಳೆ ನಿಂತ ಮೇಲೆ ನೆಂಟರಾರೋ ಸ್ನಾನದ ಮಾತೆತ್ತಿದರು. ನಾಳೆ ಶುಕ್ರವಾರ, ಹೇಗೂ ತಲೆಗೆ ನೀರು ಹಾಕಿಕೊಳ್ಳುವ ದಿನ ಎಂದು ಆಕೆ ಅವರ ಬಾಯಿ ಮುಚ್ಚಿಸಿದಳು. ವಾರಿಜಾಳಿಗೆ ನಗು ತಡೆಯುವುದೇ ಕಷ್ಟವಾಯಿತು. ಆಮೇಲೆ ಲಕ್ಷ್ಮಿದೇವಮ್ಮ ಅಂಜನಮ್ಮನ ಕಡೆ ತಿರುಗಿ, ಹೆಜ್ಜೆ ಚೆನ್ನಾಗಿದೆ, ತೋಳು ಮಾತ್ರ ಇಳಿಯುತ್ತದೆ, ಮನೆಗೆ ಬಂದರೆ ಹೇಳಿಕೊಡುತ್ತೇನೆ ಎಂದಳು.

"ಯಾವ ಬಾಗಿಲಿಗೆ ಬರ್ಲಿ, ಅವ್ವಾ?" ಎಂದು ಕೇಳಿದಳು ಹುಡುಗಿ.

ಕೊಂಕಿಗೆ ಕೇಳಿದ್ದಲ್ಲ. ಅವಳ ತಾಯಿ ಆ ಮನೆಯ ಕೊಟ್ಟಿಗೆ ಬಾಚಲು ಹೋಗುವವಳು, ಹಿತ್ತಿಲು ದಾಟಿ ಮುಂದಕ್ಕೆ ಕಾಲಿಟ್ಟವಳಲ್ಲ. ಲಕ್ಷ್ಮಿದೇವಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಮುಂದಿನ ಬಾಗಿಲಿಗೇ ಬಾ," ಎಂದಳು ಕೊನೆಗೆ. "ಹಿತ್ತಿಲಾಗೆ ಎಮ್ಮೆ ಕಟ್ಟೈತೆ. ಅಲ್ಲಿ ಕುಣಿಯೋಕೆ ಜಾಗ ಎಲ್ಲೈತೆ?"