ಎಪ್ಪತ್ತೊಂದನೆಯ ಪುಟದ ಹೆಜ್ಜೆ

ಸನ್ಮಾನದ ಶಾಲು ಜಾರುತ್ತಿದೆ, ಮುದುಕ ಪ್ರೊಫೆಸರನ ಎಡ ಹೆಗಲಿನಿಂದ, ಎಳೆದುಕೊಳ್ಳುತ್ತಿಲ್ಲ, ಜಾರಲಿ, ಇವತ್ತು ಜಾರಬೇಕಾದದ್ದು ಇನ್ನೂ ಬಹಳ ಇದೆ ಎಂದುಕೊಂಡ ದ್ಯಾವಪ್ಪ, ಸುರಪುರದ ಕಾಲೇಜಿನ ಸಭಾಂಗಣದ ಮೂರನೇ ಸಾಲಿನಲ್ಲಿ ಕೂತು, ತೊಡೆಯ ಮೇಲೆ ಮುದುಕನದೇ ಪುಸ್ತಕ, ಎಪ್ಪತ್ತೊಂದನೆಯ ಪುಟದಲ್ಲಿ ಬೆರಳು — ವೇದಿಕೆಯ ಮೇಲೆ ಪ್ರಿನ್ಸಿಪಾಲರು ಓದುತ್ತಿದ್ದಾರೆ, ನಮ್ಮ ಶಹಾಪುರದ ಹೆಮ್ಮೆ ಪ್ರೊಫೆಸರ್ ಖಂಡಪ್ಪನವರು, ವಿಶ್ಲೇಷಣೆ, ಗಣಸಿದ್ಧಾಂತ, ಗಣಿತೀಯ ಭೌತಶಾಸ್ತ್ರ, ಮೂರರಲ್ಲೂ ನಲವತ್ತು ವರ್ಷದ ಸಂಶೋಧನೆ, ಅದರಲ್ಲೂ ಆ ಹರಿವಿನ ಪ್ರಮೇಯ — ಆಹಾ, ಹರಿವಿನ ಪ್ರಮೇಯ! ಅದು ಹುಟ್ಟಿದ್ದು ಎಲ್ಲಿ ಕೇಳು ಪ್ರಿನ್ಸಿಪಾಲಾ, ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನಲ್ಲಿ, ಕಾಲುವೆಯ ಗೇಟು ಎತ್ತುವ ಯಂಕಣ್ಣನ ಮಗ ಈ ದ್ಯಾವಪ್ಪನ ನೋಟ್‌ಬುಕ್ಕಿನಲ್ಲಿ, ಇಪ್ಪತ್ತೆರಡು ವರ್ಷದ ಹಿಂದೆ. ಗುರು ಅಂತ ನಂಬಿ ಕೊಟ್ಟಿದ್ದ. ನೋಡಿ ಕೊಡ್ತೀನಿ ತಮ್ಮಾ, ಇಟ್ಟ್ ಹೋಗು, ಅಂದಿದ್ದ ಗುರು. ಇಟ್ಟು ಬಂದ. ಎಂಟು ತಿಂಗಳಿಗೆ ಈ ಪುಸ್ತಕದಲ್ಲಿ ಅಚ್ಚಾಗಿ ಬಂತು, ಹೆಸರು ಒಂದೇ, ಖಂಡಪ್ಪ. ಕೊನೆಗೆ ಕೃತಜ್ಞತೆ ಹೇಳುವಲ್ಲಿ ಟೈಪಿಸ್ಟ್ ಮೈನುದ್ದೀನ ಇದ್ದಾನೆ, ದ್ಯಾವಪ್ಪ ಇಲ್ಲ. ಪಿಎಚ್‌ಡಿ ಅಲ್ಲಿಗೇ ನಿಂತಿತು, ಯಾದಗಿರಿಯ ಹೈಸ್ಕೂಲಿನಲ್ಲಿ ಲಸಾಅ ಮಸಾಅ ಹೇಳುತ್ತ ತಲೆ ಬೆಳ್ಳಗಾಯಿತು.

ಆದರೆ ದೇವರು ದೊಡ್ಡವನು, ಕದ್ದ ಮಾಲಿನಲ್ಲೇ ಹುಳ ಇತ್ತು. ಹೋದ ತಿಂಗಳು ದೇವಾಪುರಕ್ಕೆ, ಹೆಂಡತಿಯ ತವರಿಗೆ ಹೋದಾಗ, ಕಾಲುವೆಯ ತುದಿಯ ಹೊಲದ ಹಣಮಂತಮ್ಮ ಬದುವಿನ ಮೇಲೆ ಕೂತು ಜಗಳಕ್ಕೇ ನಿಂತಳು, ಅಲ್ಲೋ ಯಂಕಣ್ಣನ ಮಗನ, ಎಲ್ಲಾರ ನೀರಿನ ಪಾಳಿನೂ ಬರ್ತದ ಅಂತಿದ್ದ ನಿಮ್ಮಪ್ಪ, ಖರೆ, ಬರ್ತದ, ಆದ್ರ ಯಾವ ದಿನಾ ಬೇಕಾದ್ರ ಬಂದು ನೋಡು, ಮುಂದ ಒಂದು ಹೊಲ ಒಣಗೇ ಇರ್ತದ. ನಿಂತಲ್ಲೇ ನಿಂತ. ಎಪ್ಪತ್ತೊಂದನೆಯ ಪುಟ! ಅಲ್ಲಿ ಬರೆದದ್ದು ಅದೇ ಅಲ್ಲವೇ, ಒಂದೊಂದು ಬಿಂದುವಿಗೂ ಎಂದಾದರೂ ಸರಿಹೋಗುತ್ತದೆ, ಆದ್ದರಿಂದ ಎಲ್ಲ ಬಿಂದುಗಳಿಗೂ ಒಂದೇ ಹೊತ್ತಿಗೆ ಸರಿಹೋಗುತ್ತದೆ — ಎಂಥ ಆದ್ದರಿಂದ! ಗೇಟಿನ ಬುಡದಲ್ಲಿ ಬೆಳೆದವನು ಮಾತ್ರ ಮಾಡುವ ತಪ್ಪು, ಸದಾ ನೀರು ಕಂಡವನು, ತುದಿಯ ತನಕ ಒಮ್ಮೆಯೂ ನಡೆಯದವನು. ಕೊನೆಯೇ ಇಲ್ಲದ ಕಾಲುವೆಯೊಂದನ್ನು ಕಾಗದದ ಮೇಲೆ ಎಳೆದ, ಎಷ್ಟು ದಿನ ಕಳೆದರೂ ನೀರು ಮುಟ್ಟದ ಹೊಲ ಮುಂದೊಂದು ಇದ್ದೇ ಇತ್ತು, ಅರ್ಧ ಪುಟದಲ್ಲಿ ಪ್ರಮೇಯ ಮಗುಚಿ ಬಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕ. ತಪ್ಪು ತನ್ನದೇ, ಇರಲಿ, ಯಾರಿಗೆ ಗೊತ್ತು, ಅಚ್ಚಿನಲ್ಲಿರುವ ಹೆಸರು ಖಂಡಪ್ಪ, ಹೆಸರು ಉಂಡವನು ಇದನ್ನೂ ಉಣ್ಣಲಿ. ಎಂಬತ್ತರ ಮುದುಕ ಇದ್ದಾನ, ಬಿಟ್ಟುಬಿಡ್ರಿ, ಅಂದಳು ಹೆಂಡತಿ ಶೇಖಮ್ಮ ಇವತ್ತು ಮುಂಜಾನೆ ರೊಟ್ಟಿ ಬಡಿಯುತ್ತ. ಬಿಡುವುದೇ, ಇಪ್ಪತ್ತೆರಡು ವರ್ಷ ಹಲ್ಲು ಕಚ್ಚಿದ್ದು ಬಿಡುವುದಕ್ಕೇ?

ಯಾರಾದ್ರೂ ಪ್ರಶ್ನಿ ಕೇಳೋರಿದ್ರ ಕೇಳ್ರಿ, ಅಂದರು ಪ್ರಿನ್ಸಿಪಾಲರು — ಎದ್ದ, ಮೈಕು ಹಿಡಿದ, ಕೊನೆಯಿಲ್ಲದ ಕಾಲುವೆಯನ್ನು ಹೊಲ ಹೊಲವಾಗಿ ಸಭೆಯ ಮುಂದೆ ಬಿಡಿಸಿಟ್ಟ, ಹರೆಯದ ಲೆಕ್ಚರರ್ ಒಬ್ಬ ಪುಸ್ತಕ ತಿರುವಿ ಹೌದಲ್ರಿ, ತಪ್ಪದ, ಅಂದ, ಅಬ್ಬಾ ಎಷ್ಟು ಸಿಹಿ, ಪ್ರಿನ್ಸಿಪಾಲರ ಮುಖ ನೋಡು, ಮುದುಕನ ಮುಖ ನೋಡು, ಕನ್ನಡಕ ಹಾಕಿಕೊಂಡ, ಪುಟ ನೋಡಿದ, ಬಹಳ ಹೊತ್ತು ನೋಡಿದ, ಕುಸಿ, ಕುಸಿ ಈಗ, ಮುದುಕ ಮೈಕು ಹತ್ತಿರ ಎಳೆದುಕೊಂಡ. ಖರೆ ಅದ, ತಪ್ಪದ. ಆದ್ರ ಆ ಹೆಜ್ಜಿ ನಂದಲ್ರಿ, ನನ್ನ ಶಿಷ್ಯ ದ್ಯಾವಪ್ಪಂದು, ಪ್ರಮೇಯನೂ ಅವಂದ, ಅವನ ಕೈಬರಹದ ನೋಟ್‌ಬುಕ್ ಇನ್ನೂ ನನ್ನ ಮನ್ಯಾಗ ಅದ, ಅವನ್ನ ನಂಬಿ ನಾ ಕೆಟ್ಟೆ, ಅಗೋ, ನಿಂತಾನ ನೋಡ್ರಿ. ಇದೇ ಮಾತು, ಇಪ್ಪತ್ತೆರಡು ವರ್ಷ ಕಾದದ್ದು ಇದೇ ಮಾತಿಗೆ, ಅದೇ ಬಾಯಿಂದ, ತುಂಬಿದ ಸಭೆಯಲ್ಲಿ, ತನ್ನ ಹೆಸರು — ತಲೆಗಳು ಹೊರಳುತ್ತಿವೆ, ಯಾರೋ ನಕ್ಕರು, ಅಲ್ಲ ಎನ್ನಬೇಕು, ನನ್ನದಲ್ಲ ಎನ್ನಬೇಕು, ನನ್ನದು ಎನ್ನಬೇಕು, ಮುದುಕನ ತೋರುಬೆರಳು, ಉಗುರಿಗೆ ಸುಣ್ಣ ಹತ್ತಿದ ಬೆರಳು, ನೇರ ಅವನ ಎದೆಗೆ, ಆ ಬೆರಳು, ಕೆಳಗಿಳಿಯುತ್ತಿಲ್ಲ, ಆ ಬೆರಳು —