ಮೊದಲು ಮೂಲೆ ಬಿಚ್ಚಿ

ಸೈದಾಬೀಯ ಎದೆಯ ಗಡ್ಡೆ ತೆಗೆಸುವುದಕ್ಕೆ ಮನೆಯಲ್ಲಿ ಯಾರ ತಕರಾರೂ ಇರಲಿಲ್ಲ. ಎಳೆದಾಟವೆಲ್ಲ ಕಂಕುಳಿನದು.

“ಕಂಕುಳಾಗಿನ ಗಂಟೂ ಒಂದೂ ಬಿಡದಂಗೆ ಬಳಿದು ತೆಗೀರಿ ಮೇಡಂ,” ದಾವಣಗೆರೆಯ ಆಸ್ಪತ್ರೆಯಲ್ಲಿ ಅವಳ ಗಂಡ ಸುಬಾನಸಾಬ ಡಾಕ್ಟರ್ ಹೇಮಾವತಿಯವರಿಗೆ ಕೈಮುಗಿದ. “ತಡ ಮಾಡಿ ಮಾಡಿ ನನ್ ತಂಗಿ ಇದರಾಗೇ ಹೋದ್ಲು. ಅರ್ಧಂಬರ್ಧ ಬ್ಯಾಡ.”

“ಸ್ಕ್ಯಾನಿಂಗ್‌ನಲ್ಲಿ ಕಂಕುಳು ಚೆನ್ನಾಗೇ ಕಾಣ್ತಿದೆ. ಎದೆಗೆ ನೀಲಿ ಬಣ್ಣ ಹಾಕ್ತೀವಿ. ರೋಗ ಹರಡಿದ್ರೆ ಮೊದಲು ಯಾವ ಗಂಟಿಗೆ ಹೋಗುತ್ತೋ, ಬಣ್ಣನೂ ಅಲ್ಲಿಗೇ ಹೋಗುತ್ತೆ. ಅಂಥ ಎರಡು ಮೂರು ತೆಗೆದು ಪರೀಕ್ಷೆ ಮಾಡ್ತೀವಿ. ಅವು ಶುದ್ಧ ಇದ್ರೆ ಉಳಿದವನ್ನ ಮುಟ್ಟಲ್ಲ. ಎಲ್ಲಾ ತೆಗೆದ್ರೆ ತೋಳು ಊದಿಕೊಳ್ಳೋ ಭಯ ಜಾಸ್ತಿ.”

“ಊದಿದ್ರೆ ಊದ್ಲಿ ಬಿಡ್ರಿ, ಜೀವ ಉಳಿದ್ರೆ ಸಾಕು.”

ಸೈದಾಬೀ ಸೆರಗಿನಡಿ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು. ಚನ್ನಗಿರಿಯ ಅರ್ಧ ಊರು ಮಲಗುವ ಗಾದಿಗಳನ್ನು ಹೊಲಿದ ಕೈ ಅದು; ಗೇಣುದ್ದದ ಸೂಜಿಯನ್ನು ಹತ್ತಿಯ ಆಳದಿಂದ ಎಳೆಯುವ ತೋಳು. ಮಗಳು ನುಜಹತ್ ಅದನ್ನೇ ನೋಡುತ್ತಿದ್ದಳು. ನ್ಯಾಮತಿಯಲ್ಲಿ, ಕಂಕುಳ ಗಂಟೆಲ್ಲ ತೆಗೆಸಿಕೊಂಡಿದ್ದ ತನ್ನ ದೊಡ್ಡಕ್ಕನ ಊದಿದ ತೋಳಿಗೆ ಕುಪ್ಪಸ ಏರದ್ದನ್ನು ಕಂಡು ಬಂದ ದಿನ ಅವ್ವ ಉಂಡಿರಲಿಲ್ಲ. ನಾಲ್ಕು ಜನರೆದುರು ನುಜಹತ್ ಬಾಯಿ ತೆರೆದವಳೇ ಅಲ್ಲ. ಅವ್ವನೂ ತೆರೆಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಗಂಟಲು ಸರಿಮಾಡಿಕೊಂಡಳು.

“ಅಪ್ಪ, ಕಲ್ಲೇಶಪ್ಪರ ಮನೆ ಗಾದಿ ಥಂಡಿ ಹಿಡಿದೈತೆ ಅಂತ ಬಂದಿತ್ತಲ್ಲ, ಪೂರ್ತಿ ಬಿಚ್ಚಿದ್ಯಾ?”

“ಈಗ್ಯಾಕೆ ಆ ಮಾತು?”

“ಬಿಚ್ಚಿದ್ಯಾ?”

“ಗೋಡೆ ಕಡೆ ಮೂಲೆ ಬಿಚ್ಚಿ ಕೈ ಹಾಕಿದೆ. ಥಂಡಿ ಮೊದ್ಲು ಹತ್ತೋದೇ ಅಲ್ಲಿ. ಹತ್ತಿ ಒಣಗಿತ್ತು, ಹೊಲಿದು ಕೊಟ್ಟೆ. ಒಳ್ಳೆ ಗಾದಿ ಹರಿಯಾಕೆ ನಂಗೇನು ಹುಚ್ಚಾ?” ಎಂದವನು ಹೆಂಡತಿಯ ತೋಳಿನ ಕಡೆ ನೋಡಿದ.

ಡಾಕ್ಟರು ನಗು ನುಂಗಿಕೊಂಡರು. “ನಾವು ಮಾಡೋದೂ ಅದನ್ನೇ. ರೋಗ ಕಂಡ್ರೆ ಸುಮ್ನೆ ಹೊಲಿದು ಕಳಿಸಲ್ಲ, ಮುಂದಿನ ದಾರಿ ಇದೆ.”

ಸುಬಾನಸಾಬ ಹೆಂಡತಿಯತ್ತ ತಿರುಗಿದ. “ನೀನೇನಂತೀಯೇ?”

“ಮೊದ್ಲು ಮೂಲೆ ನೋಡ್ಲಿ,” ಎಂದಳು ಸೈದಾಬೀ. “ಈಗಾರ ನನ್ನ ಕೇಳಿದ್ರಲ್ಲ.”

ಆಪರೇಷನ್ ದಿನ ಹೇಮಾವತಿಯವರು ಹೊರಬಂದು, “ಬಣ್ಣ ಹತ್ತಿದ ಗಂಟು ಮೂರೂ ಶುದ್ಧ. ಉಳಿದವನ್ನ ಮುಟ್ಟಿಲ್ಲ,” ಎಂದಾಗ ನುಜಹತ್ ಬೆಂಚಿನ ಮೇಲೆ ಕುಳಿತಳು. ಅಪ್ಪ ಗೋಡೆಗೆ ಮುಖ ಮಾಡಿ ಟವೆಲಿನಿಂದ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಹೊನ್ನಾಳಿಯಿಂದ ಅವನ ಅಣ್ಣನ ಫೋನು. ಎಲ್ಲಾ ಬಳಿದು ತೆಗೆದ್ರಾ ಎಂದು ಕೂಗುತ್ತಿದ್ದುದು ನುಜಹತ್‌ಗೂ ಕೇಳಿಸಿತು.

“ಬೇಕಾದಷ್ಟೇ ತೆಗೆದ್ರು ಕಣಣ್ಣ! ಮಿಕ್ಕಿದ್ದು ತಗೊಂಡು ನೀನೇನು ತಕ್ಕಡಿಗೆ ಹಾಕ್ತಿದ್ಯಾ?”

ನರ್ಸ್ ಗದರಿದಳು. ಸುಬಾನಸಾಬ ದನಿ ಇಳಿಸಿದ.

“ಚೊಕ್ಕ ಐತಂತೆ ಅಣ್ಣ,” ಎಂದ. ಆ ಕಡೆ ಕೇಳಿಸಿತೋ ಇಲ್ಲವೋ, ಮತ್ತೊಮ್ಮೆ ಹೇಳಿದ. “ಚೊಕ್ಕ ಐತಂತೆ.”